ನೇತ್ರ ಚಿಕಿತ್ಸೆಯಲ್ಲಿ ವೈದ್ಯ ಸಹಾಯಕರ ಸ್ಥಾನ

ನೇತ್ರ ತಪಾಸಣಾ ಶಿಬಿರಗಳು ನಮ್ಮ ಭಾಗದ ಸದ್ಭಕ್ತರಿಗೆ ಹೊಸತಲ್ಲ. ಜಾತ್ರಾ ಮಹೋತ್ಸವ, ಪುಣ್ಯಸ್ಮರಣೆ, ಬಸವ ಜಯಂತಿಯ ಸಂದರ್ಭಗಳಲ್ಲಿ ಮಠಗಳ ಆವರಣದಲ್ಲಿಯೂ ಶಾಲೆ, ಸಮುದಾಯ ಭವನಗಳಲ್ಲಿಯೂ ಇಂತಹ ಶಿಬಿರಗಳು ದಶಕಗಳಿಂದ ನಡೆದುಬಂದಿವೆ. ಬೆಳಗಿನ ಮೊದಲ ಬಸ್ಸು ಹಿಡಿದು ಬರುವ ವೃದ್ಧರು ಸಂಜೆ ಮನೆಗೆ ಮರಳಿ, "ಡಾಕ್ಟರು ಕಣ್ಣು ನೋಡಿದರು" ಎಂದು ಸಮಾಧಾನದಿಂದ ಹೇಳುತ್ತಾರೆ. ಆದರೆ ಅಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ ಅಕ್ಷರದ ಫಲಕ ಓದಿಸಿದವರು, ಕಣ್ಣಿನೊಳಗಿನ ಒತ್ತಡ ಅಳೆದವರು, ರಕ್ತದೊತ್ತಡ ಮತ್ತು ಸಕ್ಕರೆ ಪ್ರಮಾಣ ನೋಡಿದವರು, ಪೊರೆ ಬಲಿತವರ ಪಟ್ಟಿ ಸಿದ್ಧಪಡಿಸಿದವರು ಬಹುಮಟ್ಟಿಗೆ ವೈದ್ಯರಲ್ಲ. ಆ ಪಟ್ಟಿಯನ್ನು ಪರಿಶೀಲಿಸಿ ಯಾರಿಗೆ ಶಸ್ತ್ರಚಿಕಿತ್ಸೆ, ಯಾರಿಗೆ ಔಷಧ ಎಂದು ನಿಶ್ಚಯಿಸುವವರು ಮಾತ್ರ ನೇತ್ರತಜ್ಞರು.

ಈ ನಡುವಿನ ಕೈಗಳ ಬಗ್ಗೆ ಸಮಾಜಕ್ಕೆ ತಿಳಿದಿರುವುದು ಬಹಳ ಕಡಿಮೆ. ಬಿಳಿ ಕೋಟು ತೊಟ್ಟವರೆಲ್ಲ ಡಾಕ್ಟರೇ ಎಂದು ಭಾವಿಸುವ ಮುಗ್ಧತೆ ಒಂದೆಡೆ. "ಡಾಕ್ಟರಲ್ಲದವರು ನೋಡಿದರೆ ಏನು ಬಂತು" ಎಂಬ ತಾತ್ಸಾರ ಇನ್ನೊಂದೆಡೆ. ಎರಡರಿಂದಲೂ ಕಣ್ಣು ಕಳೆದುಕೊಳ್ಳುವವರಿದ್ದಾರೆ. ಆದ್ದರಿಂದ ವೈದ್ಯ ಸಹಾಯಕರೆಂದರೆ ಯಾರು, ಅವರು ಏನು ಮಾಡಬಲ್ಲರು, ಏನು ಮಾಡಬಾರದು ಎಂಬುದನ್ನು, ನಮ್ಮ ಜಿಲ್ಲೆಗೆ ಹೆಚ್ಚು ಹತ್ತಿರವಾದ ಕಣ್ಣಿನ ಚಿಕಿತ್ಸೆಯನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಫಿಜಿಶಿಯನ್ ಅಸಿಸ್ಟೆಂಟ್ ಎಂಬ ಹೆಸರಿನ ವೃತ್ತಿ ಹುಟ್ಟಿದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, 1965ರಲ್ಲಿ. ವೈದ್ಯರ ಕೊರತೆಯಿಂದ ಹಳ್ಳಿಗಾಡು ಬಳಲುತ್ತಿದ್ದಾಗ ಡಾ. ಯೂಜಿನ್ ಸ್ಟೆಡ್ ಎಂಬ ಪ್ರಾಧ್ಯಾಪಕರು ಒಂದು ಸರಳ ಸಂಗತಿಯನ್ನು ಗಮನಿಸಿದರು. ನೌಕಾಪಡೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ನುರಿತ ಯುವಕರು ಸೇವೆಯಿಂದ ಹೊರಬಂದ ಮೇಲೆ ಅವರ ಕೌಶಲಕ್ಕೆ ಬೆಲೆಯೇ ಇರಲಿಲ್ಲ. ಅಂತಹ ನಾಲ್ವರನ್ನು ಸೇರಿಸಿಕೊಂಡು ಎರಡು ವರ್ಷಗಳ ಶಿಕ್ಷಣ ನೀಡಲಾಯಿತು. 1967ರ ಅಕ್ಟೋಬರ್‌ನಲ್ಲಿ ಅವರಲ್ಲಿ ಮೂವರು ತೇರ್ಗಡೆಯಾದರು. ಮೂವರಿಂದ ಆರಂಭವಾದ ಆ ವೃತ್ತಿಯಲ್ಲಿ ಇಂದು ಆ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ಮೂಲತಃ ಸಾಮಾನ್ಯ ಚಿಕಿತ್ಸೆಗೆಂದು ರೂಪುಗೊಂಡದ್ದು ಕ್ರಮೇಣ ಹೃದಯ, ಮೂಳೆ, ಚರ್ಮ, ಕ್ಯಾನ್ಸರ್ ಮುಂತಾದ ತಜ್ಞ ವಿಭಾಗಗಳಿಗೂ ಹಬ್ಬಿತು.

ಭಾರತದಲ್ಲಿ ಈ ಹೆಸರಿನ ಶಿಕ್ಷಣ ಆರಂಭವಾದದ್ದೇ ತಜ್ಞ ವಿಭಾಗದಿಂದ. ಮದರಾಸಿನ ಮೆಡಿಕಲ್ ಮಿಷನ್ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಅವರು 1992ರಲ್ಲಿ ಇದಕ್ಕೆ ನಾಂದಿ ಹಾಡಿದರು. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ಕಾಲಿನಿಂದ ರಕ್ತನಾಳವನ್ನು ಬಿಡಿಸಿ ಕೊಡುವುದು, ತೀವ್ರ ನಿಗಾ ಘಟಕದಲ್ಲಿ ರಾತ್ರಿಯಿಡೀ ರೋಗಿಯನ್ನು ಗಮನಿಸುವುದು, ಬಿಡುಗಡೆಯ ಸಮಯದಲ್ಲಿ ಮನೆಯವರಿಗೆ ಔಷಧಗಳ ಕ್ರಮ ತಿಳಿಸುವುದು ಇವೆಲ್ಲ ಅವರ ಕೆಲಸ. ನಗರದ ದೊಡ್ಡ ಆಸ್ಪತ್ರೆಯಲ್ಲಿ ಬಂಧುಗಳ ಶಸ್ತ್ರಚಿಕಿತ್ಸೆಗೆ ಹೋದ ಭಕ್ತರಲ್ಲಿ ಅನೇಕರು ಇವರೊಡನೆ ಮಾತನಾಡಿಯೇ ಇರುತ್ತಾರೆ, ಗುರುತಿಸಿರುವುದಿಲ್ಲ ಅಷ್ಟೆ.

ಹೆಸರು ಹೊಸದಾದರೂ ವಿಚಾರ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಶಾಲೆಯು ಎಲ್.ಎಂ.ಪಿ. ಎಂಬ ಪದವಿಯ ವೈದ್ಯರನ್ನು ಸಿದ್ಧಪಡಿಸುತ್ತಿತ್ತು. ಪೂರ್ಣ ಪದವೀಧರರಿಗಿಂತ ಕಡಿಮೆ ಅವಧಿಯ ಶಿಕ್ಷಣ ಪಡೆದ ಇವರು ತಾಲ್ಲೂಕು ಕೇಂದ್ರಗಳ ಔಷಧಾಲಯಗಳಲ್ಲಿ ಸೇವೆ ಸಲ್ಲಿಸಿದರು. 1924ರಲ್ಲಿ ಪೂರ್ಣ ಪ್ರಮಾಣದ ಮೆಡಿಕಲ್ ಕಾಲೇಜು ಸ್ಥಾಪನೆಯಾಗಿ, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. 1946ರಲ್ಲಿ ಭೋರ್ ಸಮಿತಿಯು ತನ್ನ ವರದಿ ಸಲ್ಲಿಸಿದಾಗ ಅವಿಭಜಿತ ಭಾರತದಲ್ಲಿದ್ದ ಸುಮಾರು 47 ಸಾವಿರ ವೈದ್ಯರಲ್ಲಿ ಹೆಚ್ಚುಕಡಿಮೆ 30 ಸಾವಿರ ಮಂದಿ ಇಂತಹ ಲೈಸೆನ್ಶಿಯೇಟರೇ ಆಗಿದ್ದರು. ಒಂದೇ ದರ್ಜೆಯ ವೈದ್ಯರಿರಬೇಕು ಎಂಬ ಸಮಿತಿಯ ಶಿಫಾರಸಿನಂತೆ ಆ ಶಿಕ್ಷಣ ನಿಂತುಹೋಯಿತು. ಸಮಿತಿಯ ಆರು ಸದಸ್ಯರು ಇದಕ್ಕೆ ಭಿನ್ನಮತ ದಾಖಲಿಸಿದ್ದರು. ಹಳ್ಳಿಗಳಿಗೆ ಸಾಕಷ್ಟು ವೈದ್ಯರು ಸಿಗುವವರೆಗಾದರೂ ಲೈಸೆನ್ಶಿಯೇಟರು ಬೇಕೆಂಬುದು ಅವರ ನಿಲುವು. ಎಂಟು ದಶಕಗಳ ನಂತರ ನೋಡಿದರೆ ಆ ಭಿನ್ನಮತದಲ್ಲಿ ತಿರುಳಿತ್ತು ಎಂದೇ ಹೇಳಬೇಕು. ಅರ್ಹ ವೈದ್ಯರು ಹೋಗದ ಊರುಗಳು ಖಾಲಿ ಉಳಿಯಲಿಲ್ಲ. ಅಲ್ಲಿ ಯಾವ ಶಿಕ್ಷಣವೂ ಇಲ್ಲದ ಸೂಜಿಮದ್ದಿನವರು ಬಂದು ಕುಳಿತರು.

ಕಣ್ಣಿನ ವಿಷಯಕ್ಕೆ ಬರೋಣ. ಕನ್ನಡನಾಡಿನಲ್ಲಿ ಈ ಮಾತೆತ್ತಿದರೆ ಮೊದಲು ಸ್ಮರಿಸಬೇಕಾದ ಹೆಸರು ಡಾ. ಎಂ. ಸಿ. ಮೋದಿ ಅವರದು. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು 1943ರಿಂದ ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಯನ್ನು ಕೈಗೊಂಡರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1993ರ ಹೊತ್ತಿಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳ ಒಟ್ಟು ಸಂಖ್ಯೆ 6 ಲಕ್ಷ 10 ಸಾವಿರ ದಾಟಿತ್ತೆಂದು ಗಿನ್ನೆಸ್ ಪುಸ್ತಕ ದಾಖಲಿಸಿದೆ. ಪದ್ಮಶ್ರೀ, ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. 2005ರಲ್ಲಿ ಅವರು ಲಿಂಗೈಕ್ಯರಾದರು.

ಒಂದು ದಿನದಲ್ಲಿ 833 ಎಂಬ ಸಂಖ್ಯೆಯನ್ನು ಕೇಳಿದಾಗ ಎಲ್ಲರೂ ಆ ಕೈಚಳಕವನ್ನು ಕೊಂಡಾಡುತ್ತಾರೆ. ಅದು ಸಹಜ. ಆದರೆ ಒಂದು ಕ್ಷಣ ಲೆಕ್ಕ ಹಾಕಿದರೆ, ರೋಗಿಯನ್ನು ಮೇಜಿನ ಮೇಲೆ ಮಲಗಿಸುವುದು, ಕಣ್ಣು ತೊಳೆಯುವುದು, ಉಪಕರಣ ಸಿದ್ಧಪಡಿಸುವುದು, ಪಟ್ಟಿ ಕಟ್ಟುವುದು, ಎಬ್ಬಿಸಿ ಕರೆದೊಯ್ಯುವುದು ಇವೆಲ್ಲವನ್ನೂ ಶಸ್ತ್ರಚಿಕಿತ್ಸಕರೇ ಮಾಡಿದ್ದರೆ ದಿನಕ್ಕೆ ಇಪ್ಪತ್ತೂ ಆಗುತ್ತಿರಲಿಲ್ಲ ಎಂಬುದು ಹೊಳೆಯುತ್ತದೆ. ಸಾಲು ಮೇಜುಗಳು, ಪ್ರತಿ ಮೇಜಿನಲ್ಲೂ ತಮ್ಮ ಪಾಲಿನ ಕೆಲಸ ಬಲ್ಲ ಸಹಾಯಕರು, ಮೇಜಿನಿಂದ ಮೇಜಿಗೆ ಸಾಗುವ ಒಬ್ಬ ತಜ್ಞರು: ಇದು ಅವರ ಪದ್ಧತಿ. ತಜ್ಞರ ಕೈ ತಜ್ಞರಿಂದ ಮಾತ್ರ ಆಗಬಹುದಾದ ಕೆಲಸಕ್ಕೆ ಮೀಸಲು. ಇದೇ ತತ್ತ್ವವನ್ನು ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯು ಶಾಶ್ವತ ವ್ಯವಸ್ಥೆಯಾಗಿ ಬೆಳೆಸಿತು. ಹಳ್ಳಿಗಳ ರೈತ ಕುಟುಂಬಗಳಿಂದ ಬಂದ ಹೆಣ್ಣುಮಕ್ಕಳಿಗೆ ಅಲ್ಲಿ ಎರಡು ವರ್ಷ ತರಬೇತಿ ನೀಡಲಾಗುತ್ತದೆ. ಒಬ್ಬ ಶಸ್ತ್ರಚಿಕಿತ್ಸಕರ ಬಳಿ ಎರಡು ಮೇಜುಗಳು. ಒಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯುವಾಗ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ.

ಅದೇ 1976ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಅಂಧತ್ವ ನಿವಾರಣಾ ಕಾರ್ಯಕ್ರಮವನ್ನು ಜಾರಿಗೆ ತಂದಿತು. ನೇತ್ರ ಸಹಾಯಕರೆಂಬ ಎರಡು ವರ್ಷಗಳ ತರಬೇತಿಯ ಹುದ್ದೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇರೂರಿದ್ದು ಆ ಕಾರ್ಯಕ್ರಮದಿಂದ. ನಮ್ಮಲ್ಲಿ ಅವರನ್ನು ನೇತ್ರಾಧಿಕಾರಿ ಎಂದು ಕರೆಯುವುದು ರೂಢಿ.

ಚಿತ್ರದುರ್ಗದ ಲೆಕ್ಕ

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಐವರಲ್ಲಿ ಒಬ್ಬರು ಐವತ್ತು ವರ್ಷ ದಾಟಿದವರೆಂದು ಹಿಡಿದರೂ ಅವರ ಸಂಖ್ಯೆ 3 ಲಕ್ಷ 30 ಸಾವಿರದಷ್ಟಾಗುತ್ತದೆ. 2015ರಿಂದ 2019ರ ಅವಧಿಯಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯು ಐವತ್ತು ದಾಟಿದವರಲ್ಲಿ ಶೇ. 1.99ರಷ್ಟು ಜನರು ಅಂಧರಾಗಿದ್ದಾರೆಂದು ತಿಳಿಸಿತು. ನಮ್ಮ ಜಿಲ್ಲೆಗೆ ಅದೇ ಪ್ರಮಾಣವನ್ನು ಅನ್ವಯಿಸಿದರೆ ಆರೂವರೆ ಸಾವಿರ ಮಂದಿ. ಅಂಧತ್ವಕ್ಕೆ ಕಾರಣಗಳಲ್ಲಿ ಶೇ. 66.2ರಷ್ಟು ಪೊರೆ, ಅಂದರೆ ಮೂವರಲ್ಲಿ ಇಬ್ಬರದು ಚಿಕ್ಕದೊಂದು ಶಸ್ತ್ರಚಿಕಿತ್ಸೆಯಿಂದ ಮರಳಿ ಬರಬಹುದಾದ ದೃಷ್ಟಿ.

ಈಗ ಐವತ್ತು ದಾಟಿದ ಪ್ರತಿಯೊಬ್ಬರ ಕಣ್ಣನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದುಕೊಳ್ಳೋಣ. ಒಬ್ಬ ನೇತ್ರತಜ್ಞರು ದಿನಕ್ಕೆ 50 ಜನರಂತೆ ವರ್ಷದಲ್ಲಿ 250 ದಿನ ನೋಡಿದರೆ 12,500 ಮಂದಿಯಾಯಿತು. ಬರೀ ನೋಡುವುದಕ್ಕೇ 26 ತಜ್ಞರು ಬೇಕು. ಅವರು ಶಸ್ತ್ರಚಿಕಿತ್ಸೆಗೆ ಕೈ ಹಾಕುವಂತಿಲ್ಲ, ಮಕ್ಕಳನ್ನು ನೋಡುವಂತಿಲ್ಲ, ರಜೆ ಹೋಗುವಂತಿಲ್ಲ. ಇದು ಒರಟು ಅಂದಾಜು ಎಂಬುದನ್ನು ಒಪ್ಪೋಣ. ಆದರೂ ದಿಕ್ಕು ಸ್ಪಷ್ಟ. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಬಹುಕಾಲದಿಂದ ಇದೆ. 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆರಂಭವಾಗಿದೆ. ಮುಂದಿನ ವರ್ಷಗಳಲ್ಲಿ ಜಿಲ್ಲಾ ಕೇಂದ್ರದಲ್ಲಿ ತಜ್ಞರ ಸಂಖ್ಯೆ ಹೆಚ್ಚಬಹುದು. ಹೆಚ್ಚಿದರೂ ಅವರು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿಯೋ ಮತ್ತೋಡಿನಲ್ಲಿಯೋ, ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿಯೋ, ಆಂಧ್ರದ ಗಡಿಗೆ ಹತ್ತಿದ ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿಯೋ ನಿತ್ಯ ಕುಳಿತುಕೊಳ್ಳುವರೆಂದು ನಿರೀಕ್ಷಿಸುವುದು ವಾಸ್ತವವಲ್ಲ. ಕೂರಿಸಬೇಕಾದ ಅಗತ್ಯವೂ ಇಲ್ಲ. ಅವರ ಕೆಲಸಕ್ಕೆ ಬೇಕಾದ ಸೂಕ್ಷ್ಮದರ್ಶಕ, ಶಸ್ತ್ರಚಿಕಿತ್ಸಾ ಕೊಠಡಿ, ಲೇಸರ್ ಯಂತ್ರಗಳು ಅಲ್ಲಿರಲಾರವು. ಅಲ್ಲಿರಬೇಕಾದವರು ನೋಡಿ, ಗುರುತಿಸಿ, ಸಕಾಲದಲ್ಲಿ ಕಳುಹಿಸಬಲ್ಲವರು.

ತರಬೇತಿ ಪಡೆದ ನೇತ್ರ ಸಹಾಯಕರು ಆರು ಮೀಟರ್ ದೂರದ ಫಲಕದಿಂದ ದೃಷ್ಟಿಯನ್ನು ಅಳೆಯುತ್ತಾರೆ. ಕನ್ನಡಕದ ನಂಬರನ್ನು ನಿರ್ಧರಿಸುತ್ತಾರೆ. ಶಾಲೆಗಳಿಗೆ ಹೋಗಿ, ಹಲಗೆಯ ಮೇಲಿನ ಅಕ್ಷರ ಕಾಣದೆ ಹಿಂದುಳಿದ ಮಗುವನ್ನು ಹುಡುಕುತ್ತಾರೆ. ದಡ್ಡನೆಂದು ಬೈಸಿಕೊಳ್ಳುತ್ತಿದ್ದ ಹುಡುಗ ಕನ್ನಡಕ ಬಂದ ಮೇಲೆ ತರಗತಿಯಲ್ಲಿ ಮೊದಲಿಗನಾದ ಕಥೆ ಬಹುತೇಕ ಎಲ್ಲ ಊರಿನಲ್ಲೂ ಒಂದಿರುತ್ತದೆ. ಪೊರೆ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣೀರಿನ ನಾಳದಲ್ಲಿ ಕೀವು ಇದೆಯೇ ಎಂದು ನೀರು ಹಾಯಿಸಿ ನೋಡುವುದು, ಕಣ್ಣಿನ ಉದ್ದವನ್ನು ಅಳೆದು ಒಳಗಿಡಬೇಕಾದ ಲೆನ್ಸಿನ ಶಕ್ತಿಯನ್ನು ಲೆಕ್ಕ ಹಾಕುವುದು ಕೂಡ ಅವರದೇ ಕೆಲಸ. ಹಿಂದಿನವರಿಗೆ ನೆನಪಿರಬಹುದು: ಪೊರೆ ತೆಗೆಸಿಕೊಂಡವರು ಸೋಡಾ ಬಾಟಲಿಯ ತಳದಂತಹ ದಪ್ಪ ಗಾಜಿನ ಕನ್ನಡಕ ಧರಿಸುತ್ತಿದ್ದರು. ಇಂದು ಕಣ್ಣಿನೊಳಗೇ ಲೆನ್ಸ್ ಇಡುವುದರಿಂದ ಅದು ಮರೆಯಾಗಿದೆ. ಆದರೆ ಆ ಅಳತೆಯಲ್ಲಿ ಸ್ವಲ್ಪ ತಪ್ಪಿದರೂ, ಎಷ್ಟೇ ನಿಪುಣರು ಶಸ್ತ್ರಚಿಕಿತ್ಸೆ ಮಾಡಿದ್ದರೂ, ರೋಗಿಗೆ ಮಸುಕೇ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯ ನಂತರದ ಕೆಲಸವನ್ನು ನಾವು ಇನ್ನೂ ಹೆಚ್ಚು ಅಲಕ್ಷಿಸಿದ್ದೇವೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ಅಂಧತ್ವದ ಶೇ. 7.2ರಷ್ಟು ಪ್ರಕರಣಗಳಿಗೆ ಕಾರಣ ಪೊರೆ ಶಸ್ತ್ರಚಿಕಿತ್ಸೆಯ ತೊಡಕುಗಳು ಎಂದಿದೆ. ಶಸ್ತ್ರಚಿಕಿತ್ಸೆಯ ಮರುದಿನ, ವಾರದ ನಂತರ, ನಾಲ್ಕರಿಂದ ಆರು ವಾರಗಳ ನಂತರ ಕಣ್ಣನ್ನು ನೋಡಲೇಬೇಕು. ಶಿವಮೊಗ್ಗದ ಶಂಕರ ಕಣ್ಣಿನ ಆಸ್ಪತ್ರೆಗೋ ಬೆಂಗಳೂರಿನ ಮಿಂಟೋ ಆಸ್ಪತ್ರೆಗೋ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಹೊಸದುರ್ಗದ ಅಜ್ಜಿ, ಆರನೆಯ ವಾರ ಮತ್ತೆ ಅಲ್ಲಿಗೆ ಹೋಗುವುದು ಕಷ್ಟ. ಮಗ ಅಡಿಕೆ ಕೊಯ್ಲಿನಲ್ಲಿರುತ್ತಾನೆ, ಸೊಸೆಗೆ ಮನೆ ಬಿಡಲಾಗದು, "ಕಾಣಿಸ್ತಿದೆಯಲ್ಲ, ಸಾಕು" ಎಂದು ಅಜ್ಜಿಯೂ ಸುಮ್ಮನಾಗುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯೊಬ್ಬರು ಕೆಂಪು, ನೋವು, ಕುಗ್ಗಿದ ದೃಷ್ಟಿ ಈ ಮೂರನ್ನು ನೋಡಿ ಅಂದೇ ಫೋನ್ ಮಾಡಿದರೆ ಉಳಿಯುವ ಕಣ್ಣುಗಳಿವೆ.

ಪೊರೆಯೊಂದನ್ನೇ ಗಮನಿಸುವ ಶಿಬಿರಗಳಿಗೆ ದಕ್ಕದ ರೋಗಗಳೂ ಇವೆ. ಅವುಗಳ ವಿಚಾರದಲ್ಲಿಯೇ ಸಹಾಯಕರ ಮಹತ್ತ್ವ ಎದ್ದು ಕಾಣುವುದು. ಪೊರೆ ಒಮ್ಮೆ ತೆಗೆದರೆ ಮುಗಿಯಿತು. ಗ್ಲಾಕೋಮಾ ಹಾಗಲ್ಲ, ಕಣ್ಣಿನ ನರ ನೋವಿಲ್ಲದೆ ಅಂಚಿನಿಂದ ಒಳಗೆ ಸೊರಗುತ್ತ ಬರುತ್ತದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಲು ಜೀವನಪೂರ್ತಿ ಔಷಧ ಹಾಕಬೇಕು, ಒತ್ತಡ ಅಳೆಯುತ್ತಿರಬೇಕು. ಮಧುಮೇಹದಿಂದ ಕಣ್ಣಿನ ಹಿಂಭಾಗದ ಪರದೆಗೆ ಬರುವ ತೊಂದರೆಯೂ ಹಾಗೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದ ಅಧ್ಯಯನವು 2023ರಲ್ಲಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಅವರೆಲ್ಲರೂ ವರ್ಷಕ್ಕೊಮ್ಮೆ ಕಣ್ಣಿನ ಪರದೆಯನ್ನು ಪರೀಕ್ಷಿಸಿಕೊಳ್ಳಬೇಕು. ಇಷ್ಟು ಜನರನ್ನು ತಜ್ಞರೇ ನೋಡುವುದು ಅಸಾಧ್ಯ. ಸಹಾಯಕರು ಕ್ಯಾಮೆರಾದಿಂದ ಪರದೆಯ ಚಿತ್ರ ತೆಗೆದು ಕಳುಹಿಸಿದರೆ ದೂರದಲ್ಲಿರುವ ತಜ್ಞರು ಅದನ್ನು ನೋಡಿ, ಯಾರನ್ನು ಕರೆಸಬೇಕೆಂದು ತಿಳಿಸಬಹುದು. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯು ಹಳ್ಳಿಗಳಲ್ಲಿ ಸ್ಥಾಪಿಸಿರುವ ದೃಷ್ಟಿ ಕೇಂದ್ರಗಳನ್ನು ನಡೆಸುವವರು ಹೀಗೆ ತರಬೇತಿ ಪಡೆದ ಸ್ಥಳೀಯ ಯುವಜನರು. ನಮ್ಮ ರಾಜ್ಯದ ಆಶಾಕಿರಣ ಯೋಜನೆಯಲ್ಲಿಯೂ ಮನೆಮನೆಯ ತಪಾಸಣೆಯಿಂದ ದೃಷ್ಟಿ ಕೇಂದ್ರದವರೆಗಿನ ಇಂತಹ ಸರಪಳಿಯ ಕಲ್ಪನೆಯಿದೆ.

ಇನ್ನು ಹೊಲದ ಗಾಯ. ಮೆಕ್ಕೆಜೋಳದ ಗರಿ ತಾಗುವುದು, ಶೇಂಗಾ ಬಿಡಿಸುವಾಗ ಮಣ್ಣು ಸಿಡಿಯುವುದು, ಒಕ್ಕಣೆಯಲ್ಲಿ ಹೊಟ್ಟು ಬೀಳುವುದು ಹಿರಿಯೂರು, ಹೊಳಲ್ಕೆರೆ ಭಾಗದ ಕೃಷಿಕರಿಗೆ ನಿತ್ಯದ ಮಾತು. ಕರಿಗುಡ್ಡೆಯ ಮೇಲಿನ ತೆಳುಪದರ ಗೀರಿದರೆ ಅಲ್ಲಿ ಸೋಂಕು ಹತ್ತಿ ಹುಣ್ಣಾಗುತ್ತದೆ. ವಾಸಿಯಾದ ಮೇಲೂ ಬಿಳಿಯ ಕಲೆ ಉಳಿಯುತ್ತದೆ. "ಕಣ್ಣಲ್ಲಿ ಹೂವು ಬಿದ್ದಿದೆ" ಎನ್ನುವುದು ಅದನ್ನೇ. ಇಂತಹ ಸಮಯದಲ್ಲಿ ಎದೆಹಾಲು, ಎಲೆಯ ರಸ ಹಾಕುವವರು ಇಂದಿಗೂ ಇದ್ದಾರೆ. ಅದಕ್ಕಿಂತಲೂ ಅಪಾಯಕಾರಿಯಾದುದು ಔಷಧದಂಗಡಿಯಲ್ಲಿ "ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ" ಎಂದು ಕೇಳಿ ತಂದ ಸ್ಟೀರಾಯ್ಡ್ ಹನಿ. ಅದು ಕೆಂಪನ್ನು ತಕ್ಷಣ ಇಳಿಸುತ್ತದೆ, ಶಿಲೀಂಧ್ರದ ಸೋಂಕನ್ನು ಒಳಗೆ ಬೆಳೆಸುತ್ತದೆ. ನೇಪಾಳದ ಭಕ್ತಪುರದಲ್ಲಿ ನಡೆದ ಅಧ್ಯಯನವೊಂದರಲ್ಲಿ ಹಳ್ಳಿಯ ಸಾಮಾನ್ಯ ಕಾರ್ಯಕರ್ತರಿಗೆ ಇಂತಹ ಗೀರನ್ನು ಗುರುತಿಸಿ ಆ್ಯಂಟಿಬಯಾಟಿಕ್ ಮುಲಾಮು ಹಚ್ಚುವುದನ್ನು ಕಲಿಸಲಾಯಿತು. ಗಾಯವಾದ ಕೆಲವೇ ಗಂಟೆಗಳಲ್ಲಿ ಬಂದವರಲ್ಲಿ ಹುಣ್ಣು ಕಾಣಿಸಿಕೊಳ್ಳಲಿಲ್ಲ. ಚಿತ್ರದುರ್ಗದ ಆಸ್ಪತ್ರೆಗೆ ಹೊರಡುವ ಬಸ್ಸಿಗೆ ಕಾಯುವಷ್ಟರಲ್ಲಿ ಕಳೆಯುವ ಹೊತ್ತು ಅದು.

ನೇತ್ರದಾನದ ಸಂಕಲ್ಪ ಮಾಡಿರುವ ಭಕ್ತರು ತಿಳಿದಿರಬೇಕಾದ ಸಂಗತಿಯೊಂದಿದೆ. ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯ ನಂತರ, ನಿಗದಿತ ಅರ್ಹತೆಯುಳ್ಳ ತಂತ್ರಜ್ಞರು ದಾನಿಯ ಕಾರ್ನಿಯಾವನ್ನು ಸಂಗ್ರಹಿಸಲು ಅವಕಾಶವಿದೆ. ಮರಣಾನಂತರ ಆರು ಗಂಟೆಗಳೊಳಗೆ ಈ ಕಾರ್ಯ ನಡೆಯಬೇಕು. ಮುಖ ವಿರೂಪಗೊಳ್ಳುವುದಿಲ್ಲ, ಅಂತ್ಯಸಂಸ್ಕಾರದ ವಿಧಿಗಳಿಗೆ ತಡೆಯಿಲ್ಲ. 2021ರಲ್ಲಿ ನಟ ಪುನೀತ್ ರಾಜಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ನಾಡಿನಲ್ಲಿ ಸಂಕಲ್ಪ ಮಾಡಿದವರ ಸಂಖ್ಯೆ ಏರಿತು. ಸಂಕಲ್ಪ ಪತ್ರ ಎಷ್ಟಿದ್ದರೂ ಆ ಆರು ಗಂಟೆಯೊಳಗೆ ಬಂದು ತಲುಪಬಲ್ಲವರು ಸಮೀಪದಲ್ಲಿ ಇದ್ದರಷ್ಟೇ ದಾನ ಕೈಗೂಡುವುದು.

ಎಲ್ಲೆ ಎಲ್ಲಿ?

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಇವರೇ ಸಾಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಸಾಲದು. ಶಸ್ತ್ರಚಿಕಿತ್ಸೆ, ಲೇಸರ್ ಚಿಕಿತ್ಸೆ, ಯಾವ ರೋಗವೆಂಬ ಅಂತಿಮ ನಿರ್ಣಯ, ಗ್ಲಾಕೋಮಾಕ್ಕೆ ಔಷಧ ಆರಂಭಿಸುವುದು ಇವು ತಜ್ಞ ವೈದ್ಯರ ಅಧಿಕಾರ. ಎಲ್ಲೆ ಮಸುಕಾದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅನುಭವ ಸಾಕ್ಷಿ. ಅಲ್ಲಿ ಫಿಜಿಶಿಯನ್ ಅಸೋಸಿಯೇಟ್ ಎಂಬ ಹೆಸರಿನಿಂದಾಗಿ ತಾವು ವೈದ್ಯರನ್ನೇ ಕಂಡೆವೆಂದು ರೋಗಿಗಳು ತಿಳಿದದ್ದೂ, ಗಂಭೀರ ರೋಗಗಳು ಕಣ್ತಪ್ಪಿದ್ದೂ ದೊಡ್ಡ ವಿವಾದವಾಯಿತು. ಸರ್ಕಾರ ನೇಮಿಸಿದ ಪ್ರೊ. ಗಿಲಿಯನ್ ಲೆಂಗ್ ಅವರು 2025ರ ಜುಲೈನಲ್ಲಿ ವರದಿ ನೀಡಿ, ಹೆಸರನ್ನು ಮತ್ತೆ ‘ಅಸಿಸ್ಟೆಂಟ್’ ಎಂದೇ ಬದಲಿಸಬೇಕು, ರೋಗ ಇನ್ನೂ ಗುರುತಾಗದ ರೋಗಿಗಳನ್ನು ಅವರು ಸ್ವತಂತ್ರವಾಗಿ ನೋಡಬಾರದು ಎಂದು ಶಿಫಾರಸು ಮಾಡಿದರು. ಅಮೆರಿಕದಲ್ಲಿ ಮಾತ್ರ ವೃತ್ತಿ ಸಂಘವು 2021ರಲ್ಲಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿ ‘ಅಸೋಸಿಯೇಟ್’ ಎಂಬ ಹೆಸರನ್ನು ಆರಿಸಿಕೊಂಡಿದೆ! ಪದವೊಂದರ ಜಗಳದಂತೆ ಕಂಡರೂ, ತನ್ನ ಮುಂದೆ ಕುಳಿತವರು ಯಾರೆಂದು ತಿಳಿಯುವ ರೋಗಿಯ ಹಕ್ಕು ಅದರಲ್ಲಡಗಿದೆ.

ನಮ್ಮ ದೇಶದಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೆಯ ಕಲಮು ಸೀಮಿತ ಪರವಾನಗಿಯ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಅವಕಾಶ ಕಲ್ಪಿಸಿದಾಗ ವೈದ್ಯರ ಸಂಘ ತೀವ್ರವಾಗಿ ಪ್ರತಿಭಟಿಸಿತು. ನಕಲಿ ವೈದ್ಯರಿಗೆ ಇದು ರಹದಾರಿಯಾದೀತು ಎಂಬುದು ಅವರ ಆತಂಕ. ಆ ಆತಂಕವನ್ನು ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎರಡು ವರ್ಷ ಕಲಿತವರು ಮೇಲ್ವಿಚಾರಣೆ ಇಲ್ಲದೆ ಅಂಗಡಿ ತೆರೆದು ಕುಳಿತರೆ ಅವರಿಗೂ ಸೂಜಿಮದ್ದಿನವರಿಗೂ ಅಂತರ ಕಡಿಮೆಯಾಗುತ್ತ ಹೋಗುತ್ತದೆ. ಆದರೆ ಪರಿಹಾರ ಈ ವೃತ್ತಿಯನ್ನು ಇಲ್ಲವಾಗಿಸುವುದಲ್ಲ. ತಜ್ಞರೊಂದಿಗಿನ ಅದರ ನಂಟು ಕಡಿಯದಂತೆ ನೋಡಿಕೊಳ್ಳುವುದು. ಹೆಸರು, ನೋಂದಣಿ, ಕೆಲಸದ ಪಟ್ಟಿ, ಸಂಶಯ ಬಂದರೆ ಕೇಳಲು ಒಬ್ಬ ತಜ್ಞರು ಈ ನಾಲ್ಕೂ ಇದ್ದಾಗ ಮಾತ್ರ ಅವರು ಸಹಾಯಕರು.

ಈ ನಿಟ್ಟಿನಲ್ಲಿ 2021ರಲ್ಲಿ ಜಾರಿಗೆ ಬಂದ ಸಂಯೋಜಿತ ಹಾಗೂ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಮಹತ್ತ್ವದ್ದು. ಫಿಜಿಶಿಯನ್ ಅಸೋಸಿಯೇಟ್, ಆಪ್ಟೋಮೆಟ್ರಿಸ್ಟ್, ನೇತ್ರ ಸಹಾಯಕ, ದೃಷ್ಟಿ ತಂತ್ರಜ್ಞ ಎಲ್ಲವೂ ಅದರ ಅನುಸೂಚಿಯಲ್ಲಿ ಸೇರಿವೆ. ಸಂಯೋಜಿತ ವೃತ್ತಿಪರರಾಗಲು ಕನಿಷ್ಠ 2,000 ಗಂಟೆಗಳ ಶಿಕ್ಷಣ, ಆರೋಗ್ಯ ವೃತ್ತಿಪರರಾಗಲು ಕನಿಷ್ಠ 3,600 ಗಂಟೆಗಳ ಶಿಕ್ಷಣ ಬೇಕೆಂದು ಕಾಯ್ದೆ ವಿಧಿಸುತ್ತದೆ; ರಾಜ್ಯಗಳಲ್ಲಿ ಪರಿಷತ್ತುಗಳ ಮೂಲಕ ನೋಂದಣಿಗೂ ಅವಕಾಶ ಮಾಡಿದೆ.

ಮಕ್ಕಳ ಶಿಕ್ಷಣದ ದೃಷ್ಟಿಯಿಂದ ಪೋಷಕರಿಗೆ ಇದು ತಿಳಿದಿರಲಿ. ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ ನಮ್ಮ ಮಕ್ಕಳು ವೈದ್ಯಕೀಯ ಸೀಟು ಸಿಗದಿದ್ದರೆ ಬದುಕೇ ಮುಗಿಯಿತೆಂಬಂತೆ ಕುಗ್ಗುತ್ತಾರೆ. ಎರಡು ಮೂರು ವರ್ಷ ನೀಟ್ ಪರೀಕ್ಷೆಯ ತರಬೇತಿಗಾಗಿ ಜಮೀನು ಅಡವಿಟ್ಟ ಕುಟುಂಬಗಳಿವೆ. ಆಪ್ಟೋಮೆಟ್ರಿ ಪದವಿ ಇಂಟರ್ನ್‌ಶಿಪ್ ಸೇರಿ ಕೆಲವು ವರ್ಷಗಳದು. ನೇತ್ರ ಸಹಾಯಕರ ಡಿಪ್ಲೊಮಾ ಅದಕ್ಕಿಂತ ಕಡಿಮೆ ಅವಧಿಯದು. ಊರಿಗೆ ಮರಳಿ ಬಂದು ದುಡಿಯಬಹುದಾದ, ಹೆಣ್ಣುಮಕ್ಕಳಿಗೂ ಅನುಕೂಲವಾದ ಕಾಯಕವಿದು. ಸಂಬಳ ವೈದ್ಯರಷ್ಟಿರುವುದಿಲ್ಲ, ಗುತ್ತಿಗೆ ನೇಮಕದ ಅನಿಶ್ಚಿತತೆಯೂ ಇದೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಸೇರುವ ಮುನ್ನ ಮೂರು ವಿಷಯಗಳನ್ನು ವಿಚಾರಿಸಬೇಕು. ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ, ಕೋರ್ಸಿನ ಹೆಸರು ಕಾಯ್ದೆಯ ಅನುಸೂಚಿಯಲ್ಲಿದೆಯೇ, ಕಲಿಯಲು ರೋಗಿಗಳಿರುವ ಆಸ್ಪತ್ರೆ ಕಾಲೇಜಿನ ಜೊತೆಗಿದೆಯೇ. ಮೂರನೆಯದನ್ನು ಕಣ್ಣಾರೆ ನೋಡಿಯೇ ನಿರ್ಧರಿಸುವುದು ಲೇಸು.

ಶಿಬಿರಗಳನ್ನು ಏರ್ಪಡಿಸುವ ಸಂಘಟಕರಿಗೂ ಕೆಲವು ಸೂಚನೆಗಳಿವೆ. ಶಾಲೆ, ಕಲ್ಯಾಣ ಮಂಟಪಗಳಲ್ಲಿ ತಪಾಸಣೆ ಮಾತ್ರ ನಡೆಯಬೇಕು. ಶಸ್ತ್ರಚಿಕಿತ್ಸೆ ಸುಸಜ್ಜಿತ ಆಸ್ಪತ್ರೆಯಲ್ಲಿಯೇ ಆಗಬೇಕು. ತಪಾಸಣೆ ಮಾಡುವ ಪ್ರತಿಯೊಬ್ಬರ ಎದೆಯ ಮೇಲೆ ಹೆಸರು ಮತ್ತು ಹುದ್ದೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿರಲಿ. ಬಂದವರನ್ನು ಪೊರೆಗೆ ಮಾತ್ರ ನೋಡದೆ, ನಲವತ್ತು ದಾಟಿದವರ ಕಣ್ಣಿನ ಒತ್ತಡವನ್ನೂ ಮಧುಮೇಹಿಗಳ ಕಣ್ಣಿನ ಪರದೆಯನ್ನೂ ನೋಡುವಂತೆ ಆಸ್ಪತ್ರೆಯವರನ್ನು ಮೊದಲೇ ಕೇಳಿಕೊಳ್ಳಬೇಕು. ವೇದಿಕೆ, ಶಾಮಿಯಾನ, ಪ್ರಸಾದದ ವ್ಯವಸ್ಥೆಗೆ ನಾವು ತೋರುವ ಆಸ್ಥೆಯಲ್ಲಿ ಸ್ವಲ್ಪವನ್ನು ಆರನೆಯ ವಾರಕ್ಕೂ ಎತ್ತಿಡಬಹುದು. ಶಸ್ತ್ರಚಿಕಿತ್ಸೆಯಾದವರ ಹೆಸರು, ಊರು, ಫೋನ್ ಸಂಖ್ಯೆಯ ಒಂದು ಪುಸ್ತಕ, ಮರುತಪಾಸಣೆಯ ದಿನ ಹೋಬಳಿ ಕೇಂದ್ರಕ್ಕೆ ಬರುವ ಒಬ್ಬ ನೇತ್ರಾಧಿಕಾರಿ, ವೃದ್ಧರನ್ನು ಅಲ್ಲಿಗೆ ಕರೆತರಲು ಒಂದು ವಾಹನ ಇಷ್ಟಿದ್ದರೆ ಆಯಿತು. ಆ ದಿನಾಂಕವನ್ನು ಶಿಬಿರದ ಆಹ್ವಾನ ಪತ್ರಿಕೆಯಲ್ಲಿಯೇ, ಉದ್ಘಾಟನೆಯ ಸಮಯದ ಪಕ್ಕದಲ್ಲಿ ಮುದ್ರಿಸಬಹುದು.